ಶಾಕ್ ಬದಲಿಸುವ ಮೊದಲು: ಎತ್ತರಿಸಿದ ಗಾಡಿಯ ‘ಟಕ್’ ಶಬ್ದದ ಬಗ್ಗೆ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಭಾವ: (ವಿಡಿಯೊ ಹಂಚಿಕೊಂಡಿದ್ದಾರೆ) ಗಾಡಿಯ ಮುಂಭಾಗದಿಂದ ಶಬ್ದ ಬರುತ್ತಿದೆ ಎಂದು ಮೊನ್ನೆ ಹೇಳಿದೆಯಲ್ಲ, ಅದಕ್ಕೆ ಇದರಲ್ಲಿ ಉತ್ತರವಿದೆ. ಲಿಫ್ಟ್ ಕಿಟ್ ಹಾಕಿ ಎತ್ತರಿಸಿದ ಗಾಡಿಯಲ್ಲಿ ‘ಟಕ್ ಟಕ್’ ಎನ್ನುವ ಶಬ್ದ ಬಂದರೆ ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳನ್ನೂ ಸ್ಟೀರಿಂಗಿನ ಅದುರುವಿಕೆ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರನ್ನೂ ಬದಲಿಸಿದರೆ ಸಾಕು, ಬೇರೇನನ್ನೂ ಮುಟ್ಟಬೇಕಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ.

ತಮ್ಮ: ನೋಡಿದೆ ಭಾವ. ಗಾಡಿಯನ್ನು 5 ಸೆಂ.ಮೀ. ಎತ್ತರಿಸಿ ನಾಲ್ಕು ತಿಂಗಳಾಯಿತು, ಶಬ್ದ ಶುರುವಾಗಿ ಮೂರು ವಾರ. ಮೂರನ್ನೂ ಇಂದೇ ತರಿಸಲು ಹೇಳುತ್ತೇನೆ.

ನಾನು: ದಯವಿಟ್ಟು ಒಂದು ದಿನ ತಡೆ. ಭಾವ, ವಿಡಿಯೊವನ್ನು ಎರಡು ಸಲ ಪೂರ್ತಿ ನೋಡಿದೆ. ಶಬ್ದ ಯಾವಾಗ ಬರುತ್ತದೆ ಎಂಬ ಪ್ರಶ್ನೆಯನ್ನು ಅದರಲ್ಲಿ ಯಾರೂ ಕೇಳಲಿಲ್ಲ. ಗಾಡಿ ನಿಂತಿರುವಾಗ ಸ್ಟೀರಿಂಗ್ ತಿರುಗಿಸಿದರೆ ಬರುತ್ತದೆಯೇ, ಸಣ್ಣ ಕಲ್ಲುಗಳ ಮೇಲೆ ಬರುತ್ತದೆಯೇ, ದೊಡ್ಡ ಗುಂಡಿಗೆ ಇಳಿದಾಗ ಮಾತ್ರವೇ, ಬ್ರೇಕ್ ಒತ್ತಿದಾಗಲೇ, ಇಲ್ಲವೇ ವೇಗ ಹೆಚ್ಚಿದಂತೆ ತಾಳ ಹಿಡಿದು ಹೆಚ್ಚುತ್ತದೆಯೇ ಎಂದು ಕೇಳದೆ ಬಿಡಿಭಾಗದ ಹೆಸರು ಹೇಳುವವರು ಊಹೆ ಮಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ಸ್ಟೀರಿಂಗ್ ಡ್ಯಾಂಪರ್ ಬದಲಿಸಬೇಕೆಂಬ ಸಲಹೆಗಂತೂ ನನ್ನ ಬಲವಾದ ವಿರೋಧವಿದೆ. ಹೊಸ ಡ್ಯಾಂಪರ್ ಸಡಿಲವಾದ ಕೀಲಿನ ಅಲುಗಾಟವನ್ನು ಕೆಲವು ದಿನ ಮುಚ್ಚಿಡುತ್ತದೆ, ಆದರೆ ಕೀಲು ಒಳಗೊಳಗೇ ಸವೆಯುತ್ತಲೇ ಇರುತ್ತದೆ.

ಚಿಕ್ಕಪ್ಪ: ನನ್ನ ಅನುಭವದಲ್ಲಿ ಎತ್ತರಿಸಿದ ಗಾಡಿ ಶಬ್ದ ಮಾಡುವುದು ಸಹಜ. ಕಂಪನಿ ಕೊಟ್ಟ ಎತ್ತರವನ್ನು ಬದಲಿಸಿದ ಮೇಲೆ ಅಷ್ಟನ್ನು ಸಹಿಸಿಕೊಳ್ಳಬೇಕು. ಇದಕ್ಕೆ ಇಷ್ಟೊಂದು ಚರ್ಚೆ ಬೇಕೇ?

ಭಾವ: ಊಹೆ ಎನ್ನುವುದು ಸರಿಯಲ್ಲ. ನನ್ನ ಗಾಡಿಯಲ್ಲೂ ಇದೇ ಶಬ್ದವಿತ್ತು. ಶಾಕ್ ಬದಲಿಸಿದ ದಿನವೇ ನಿಂತಿತು, ಒಂದೂವರೆ ವರ್ಷವಾದರೂ ಮತ್ತೆ ಬಂದಿಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ನಾನು: ನಿಮ್ಮ ಗಾಡಿಯ ಶಬ್ದ ನಿಂತದ್ದು ನಿಜ ಭಾವ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಕ್ ಬದಲಿಸುವಾಗ ಅದರ ಮೇಲ್ತುದಿಯ ರಬ್ಬರ್ ಬುಷ್ (ಕೀಲಿನೊಳಗಿನ ಮೆತ್ತೆ), ವಾಷರ್ ಮತ್ತು ನಟ್ ಕೂಡ ಹೊಸದಾಗುತ್ತವೆ. ಸಣ್ಣ ಸಣ್ಣ ಉಬ್ಬುಗಳ ಮೇಲೆ ಬೇಗ ಬೇಗನೆ ಬರುವ ಒಣ ‘ಟಕ ಟಕ’ ಬಹಳ ಸಲ ಆ ನಟ್ ಸಡಿಲವಾದದ್ದರಿಂದಲೋ ಆ ಬುಷ್ ಸವೆದದ್ದರಿಂದಲೋ ಹುಟ್ಟುತ್ತದೆ. ಹಾಗಾಗಿ ನಿಮ್ಮ ಗಾಡಿಯನ್ನು ಸರಿಪಡಿಸಿದ್ದು ಹೊಸ ಶಾಕೋ ಹೊಸ ಬುಷೋ ಎಂದು ಈಗ ಹೇಳಲು ಸಾಧ್ಯವಿಲ್ಲ. ಬದಲಿಸುವ ಮೊದಲು ಒಬ್ಬರು ಬಂಪರ್ ಒತ್ತಿ ಬಿಡುತ್ತ, ಇನ್ನೊಬ್ಬರು ಬಾನೆಟ್ ತೆರೆದು ಶಾಕ್‌ನ ಮೇಲ್ತುದಿಯನ್ನು ನೋಡಿದ್ದರೆ ಅದು ಅಂದೇ ತಿಳಿಯುತ್ತಿತ್ತು.

ಚಿಕ್ಕಪ್ಪ, ತಾವು ಹೇಳಿದ ‘ಸಹಜ’ ಎಂಬ ಮಾತನ್ನು ನಾನು ಒಪ್ಪಲಾರೆ. ಎತ್ತರಿಸುವುದರಿಂದ ಕೀಲುಗಳ ಕೋನ ಬದಲಾಗುತ್ತದೆ, ಅದು ನಿಜ. ಆದರೆ ಕೋನ ಬದಲಾದ ಮಾತ್ರಕ್ಕೆ ಲೋಹ ಲೋಹಕ್ಕೆ ಬಡಿಯುವುದಿಲ್ಲ. ಬಡಿಯಬೇಕಾದರೆ ಎಲ್ಲೋ ಒಂದು ಕಡೆ ಸಂದು ಇರಲೇಬೇಕು. ಹಾಗೆ ಬಡಿಯುತ್ತಿರುವುದು ಚಕ್ರವನ್ನೂ ಸ್ಟೀರಿಂಗನ್ನೂ ಹಿಡಿದುಕೊಂಡಿರುವ ಭಾಗ. ಇದನ್ನು ಸಹಿಸಿಕೊಳ್ಳಿ ಎಂದು ಮನೆಯವರಿಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಭಾವ: ನನ್ನದು ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್ ಇರುವ ಗಾಡಿ, ಅಂದರೆ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ನಾನು: ಬಹಳ ವ್ಯತ್ಯಾಸವಾಗುತ್ತದೆ. ಆ ವಿಡಿಯೊ ಎರಡೂ ಬಗೆಯ ಗಾಡಿಗಳಿಗೆ ಒಂದೇ ಮದ್ದು ಹೇಳಿರುವುದೇ ಅದರ ದೊಡ್ಡ ದೋಷ. ನಿಮ್ಮ ಬಗೆಯ ಗಾಡಿಯಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಒಂದಾಗಿರುವ ಸ್ಟ್ರಟ್‌ನ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಟ್ಟು ಎತ್ತರಿಸಿದಾಗ ಚಕ್ರ ಮೊದಲಿಗಿಂತ ಕೆಳಗೆ ಜೋತು ಬೀಳುತ್ತದೆ. ಆಗ ಮೇಲಿನ ಬಾಲ್ ಜಾಯಿಂಟ್ (ಎಲ್ಲ ಕಡೆಗೂ ತಿರುಗುವ ಗುಂಡು ಕೀಲು) ತನ್ನ ಕೋನದ ಮಿತಿಯನ್ನು ಮುಟ್ಟುತ್ತದೆ, ಕೆಲವು ಗಾಡಿಗಳಲ್ಲಿ ಚಕ್ರವನ್ನು ಹಿಡಿದಿರುವ ಮೇಲಿನ ಆರ್ಮ್ ಸ್ಪ್ರಿಂಗಿಗೇ ತಗಲುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುವಾಗ ಚಕ್ರದ ತಾಳಕ್ಕೆ ‘ಕಟ್ ಕಟ್’ ಎಂದರೆ ಮೊದಲು ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕೀಲಾದ ಸಿವಿ ಜಾಯಿಂಟನ್ನೇ ಅನುಮಾನಿಸಬೇಕು.

ತಮ್ಮನ ಗಾಡಿಯಲ್ಲಿ ಹಾಗಿಲ್ಲ. ಜಿಮ್ನಿ, ರ‍್ಯಾಂಗ್ಲರ್‌ಗಳಲ್ಲಿ ಇರುವಂತೆ ಅದರ ಮುಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಇಡಿಯಾದ ಆಕ್ಸಲ್ ಇದೆ. ಆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದು ಟ್ರ್ಯಾಕ್ ಬಾರ್ ಎಂಬ ಒಂದೇ ಸರಳು. ಅದರ ಒಂದು ತುದಿ ಗಾಡಿಯ ಚೌಕಟ್ಟಾದ ಚಾಸಿಸ್‌ಗೆ, ಇನ್ನೊಂದು ತುದಿ ಆಕ್ಸಲ್‌ಗೆ ಸೇರಿರುತ್ತದೆ. ಗಾಡಿಯನ್ನು ಎತ್ತರಿಸಿದಾಗ ಸರಳು ಇನ್ನಷ್ಟು ಓರೆಯಾಗಿ ಆಕ್ಸಲನ್ನು ಚಾಸಿಸ್ ತುದಿ ಇರುವ ಕಡೆಗೆ ಎಳೆಯುತ್ತದೆ. ಉದಾಹರಣೆಗೆ ಸರಳಿನ ಉದ್ದ 80 ಸೆಂ.ಮೀ., ಎರಡು ತುದಿಗಳ ಎತ್ತರದ ಅಂತರ ಮೊದಲು 10 ಸೆಂ.ಮೀ. ಎಂದಿಟ್ಟುಕೊಳ್ಳೋಣ. 5 ಸೆಂ.ಮೀ. ಎತ್ತರಿಸಿದ ಮೇಲೆ ಅಂತರ 15 ಆಗುತ್ತದೆ, ಆಕ್ಸಲ್ ಸುಮಾರು 8 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಪಕ್ಕದ ಒತ್ತಡ ಬೀಳುವುದು ಈ ಸರಳಿನ ಎರಡು ಬೋಲ್ಟುಗಳ ಮೇಲೆ. ಆದ್ದರಿಂದ ನಾನು ಮೊದಲು ನೋಡುವುದು ಅಲ್ಲಿಯೇ. ಶಬ್ದ ಯಾವಾಗ ಬರುತ್ತದೆ ಎಂದು ಗಾಡಿಯ ಯಜಮಾನನೇ ಹೇಳಲಿ.

ತಮ್ಮ: ಈಗಷ್ಟೇ ಹೊರಗೆ ಹೋಗಿ ನೋಡಿ ಬಂದೆ. ಗಾಡಿ ನಿಂತಿರುವಾಗ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಪ್ರತಿ ಸಲವೂ ಒಂದೊಂದು ‘ಟಕ್’ ಕೇಳಿಸುತ್ತದೆ. ನನ್ನ ಕಾಲಿನ ಹತ್ತಿರದಿಂದಲೇ ಬಂದಂತೆ ಅನ್ನಿಸುತ್ತದೆ. ಓಡಿಸುವಾಗ ಗುಂಡಿಗಳಲ್ಲೂ ಬರುತ್ತದೆ. ಅದಲ್ಲದೆ ವೇಗ ತಡೆಯುವ ಉಬ್ಬುಗಳನ್ನು ನಿಧಾನವಾಗಿ ದಾಟುವಾಗ ಬಾಗಿಲ ಕೀಲು ಕಿರುಗುಟ್ಟಿದಂಥ ಇನ್ನೊಂದು ಶಬ್ದವಿದೆ.

ನಾನು: ಹಾಗಾದರೆ ಶಬ್ದಗಳು ಎರಡು. ಒಂದನ್ನು ಹುಡುಕುವಾಗ ಇನ್ನೊಂದನ್ನು ಬೆರೆಸಬೇಡ. ಕಾಲಿನ ಹತ್ತಿರ ಕೇಳಿಸಿತು ಎಂಬುದನ್ನೂ ನಂಬಬೇಡ. ಚಾಸಿಸ್ ಇಡೀ ಉಕ್ಕಿನದಾದ್ದರಿಂದ ಆಚೆ ತುದಿಯ ಬಡಿತ ಈಚೆ ತುದಿಯಲ್ಲಿ ಹುಟ್ಟಿದಂತೆ ಕೇಳಿಸುವುದುಂಟು.

ನಾಳೆ ಬೆಳಕಿರುವಾಗ ಹೀಗೆ ಮಾಡು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡೆ ಕೊಡು. ಜಾಕ್ ಹಾಕಬೇಡ, ಚಕ್ರಗಳ ಮೇಲೆ ಗಾಡಿಯ ಪೂರ್ತಿ ಭಾರ ಇರಲೇಬೇಕು. ಅತ್ತಿಗೆ ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ, ಆದರೆ ಚುರುಕಾಗಿ, ಎಡಕ್ಕೂ ಬಲಕ್ಕೂ ಆಡಿಸಲಿ. ನೀನು ಕೆಳಗೆ ನುಸುಳಬೇಡ, ಕೀಲುಗಳ ನಡುವೆ ಬೆರಳನ್ನೂ ಇಡಬೇಡ. ಫೋನನ್ನು ಸ್ಲೋ ಮೋಷನ್‌ನಲ್ಲಿಟ್ಟು ನೆಲದ ಮೇಲೆ ಒರಗಿಸಿ ಟ್ರ್ಯಾಕ್ ಬಾರ್‌ನ ಎರಡು ತುದಿಗಳನ್ನೂ ಆಮೇಲೆ ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಸರಳುಗಳಾದ ಡ್ರ್ಯಾಗ್ ಲಿಂಕ್, ಟೈ ರಾಡ್‌ಗಳ ತುದಿಗಳನ್ನೂ ಒಂದೊಂದಾಗಿ ಚಿತ್ರಿಸು. ಅದಕ್ಕೂ ಮೊದಲು ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್‌ನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡು. ಗೆರೆ ತುಂಡಾದರೆ ಅಲ್ಲಿ ಚಲನೆ ಇದೆ ಎಂದೇ ಅರ್ಥ.

ಚಿಕ್ಕಪ್ಪ: ಚಕ್ರವನ್ನು ಎತ್ತಿ ಕೈಯಿಂದ ಅಲ್ಲಾಡಿಸಿ ನೋಡುವುದು ಹಳೆಯ ಕ್ರಮ. ಅದನ್ನು ಏಕೆ ಬೇಡ ಎನ್ನುತ್ತೀಯೆ?

ನಾನು: ಬೇಡ ಎನ್ನುತ್ತಿಲ್ಲ ಚಿಕ್ಕಪ್ಪ, ಅದು ಎರಡನೆಯ ಹೆಜ್ಜೆ. ಚಕ್ರ ಗಾಳಿಯಲ್ಲಿದ್ದರೆ ಟ್ರ್ಯಾಕ್ ಬಾರ್ ಮೇಲೆ ಪಕ್ಕದ ಒತ್ತಡ ಬೀಳುವುದಿಲ್ಲ, ಸಡಿಲವಿದ್ದರೂ ಅದು ಸುಮ್ಮನಿರುತ್ತದೆ. ಬಾಲ್ ಜಾಯಿಂಟ್‌ಗಳಿಗೂ ಚಕ್ರದ ಬೇರಿಂಗ್‌ಗಳಿಗೂ ತಾವು ಹೇಳಿದ ಕ್ರಮವೇ ಸರಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ ನೋಡಬೇಕು. ಆಟ (ಸಡಿಲದ ಅಲುಗಾಟ) ಕಂಡುಬಂದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮತ್ತೊಮ್ಮೆ ಅಲ್ಲಾಡಿಸಬೇಕು. ಆಗ ಆಟ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್. ಈ ಬ್ರೇಕಿನ ಉಪಾಯ ನನಗೆ ಬಹಳ ಇಷ್ಟ, ಏಕೆಂದರೆ ಒಂದು ಬಿಡಿಭಾಗವನ್ನೂ ಬಿಚ್ಚದೆ ಎರಡು ಅನುಮಾನಗಳನ್ನು ಅದು ಬೇರ್ಪಡಿಸುತ್ತದೆ.

*(ಮರುದಿನ)*

ತಮ್ಮ: (ವಿಡಿಯೊ ಹಂಚಿಕೊಂಡಿದ್ದಾನೆ) ಆಕ್ಸಲ್ ಕಡೆಯ ಬೋಲ್ಟ್ ನೋಡಿ. ಸ್ಟೀರಿಂಗ್ ತಿರುಗಿದಾಗಲೆಲ್ಲ ಅದು ಬ್ರ್ಯಾಕೆಟ್ ಒಳಗೆ ಒಂದಿಷ್ಟು ಜಾರಿ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬಿಳಿ ಗೆರೆ ಎರಡು ತುಂಡಾಗಿದೆ. ಬೋಲ್ಟಿನ ತಲೆಯ ಒಂದು ಬದಿಯಲ್ಲಿ ಬಣ್ಣವೆಲ್ಲ ಹೋಗಿ ಉಗುರಿನ ಆಕಾರದಷ್ಟು ಲೋಹ ಫಳಫಳ ಹೊಳೆಯುತ್ತಿದೆ, ಅದರ ಕೆಳಗೆ ಕಾವಿ ಬಣ್ಣದ ನುಣುಪು ಪುಡಿ ಅಂಟಿಕೊಂಡಿದೆ. ಉಳಿದ ಬೋಲ್ಟುಗಳ ಸುತ್ತ ಬರೀ ಕೆಸರಿದೆ. ಲಿಫ್ಟ್ ಕೂರಿಸಿದವರು ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಬೋಲ್ಟುಗಳ ಬಿಗಿ ನೋಡಿಸಬೇಕೆಂದು ನನಗೆ ಹೇಳಿಯೇ ಇರಲಿಲ್ಲ.

ಭಾವ: ಇದು ನಿಜಕ್ಕೂ ಸಡಿಲವಾಗಿದೆ, ನನಗೂ ಕಾಣಿಸಿತು. ಶಾಕ್ ತರಿಸಿದ್ದರೆ ಇದು ಕಾಣದೆ ಹೋಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸರಿ, ಈಗ ಬೋಲ್ಟನ್ನು ಗಟ್ಟಿಯಾಗಿ ಬಿಗಿದರೆ ಮುಗಿಯಿತಲ್ಲವೇ?

ನಾನು: ಬಹಳ ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆ ಬೋಲ್ಟ್ ತನ್ನ ದಪ್ಪದಿಂದ ಸರಳನ್ನು ತಡೆದು ನಿಲ್ಲಿಸುವುದಲ್ಲ. ಬುಷ್‌ನ ಒಳಗಿನ ಉಕ್ಕಿನ ಕೊಳವೆಯನ್ನು ಬ್ರ್ಯಾಕೆಟ್‌ನ ಎರಡು ಕಿವಿಗಳ ನಡುವೆ ಅಮುಕಿ ಹಿಡಿಯುವುದೇ ಅದರ ಕೆಲಸ, ಸರಳನ್ನು ಜಾರದಂತೆ ತಡೆಯುವುದು ಆ ಅಮುಕುವಿಕೆಯಿಂದ ಹುಟ್ಟುವ ಘರ್ಷಣೆ. ಬಿಗಿ ಕಡಿಮೆಯಾಗಿ ಒಮ್ಮೆ ಜಾರಲು ಶುರುವಾದರೆ ಬೋಲ್ಟ್ ರಂಧ್ರದ ಅಂಚನ್ನು ಬಡಿದು ಬಡಿದು ಅದನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಮೂರು ವಾರ ಹಾಗೆ ಬಡಿದಿರುವುದರಿಂದ ಬೋಲ್ಟನ್ನು ಹೊರತೆಗೆದು ರಂಧ್ರವನ್ನು ನೋಡಲೇಬೇಕು. ರಂಧ್ರ ದುಂಡಗಿದ್ದರೆ ತಯಾರಕರು ಹೇಳಿದ ದರ್ಜೆಯ ಹೊಸ ಬೋಲ್ಟ್ ಹಾಕಿ, ಕೈಯಂದಾಜಿನಲ್ಲಿ ಬಿಗಿಯದೆ, ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್‌ನಿಂದ ಬಿಗಿದರೆ ಸಾಕು. ಮೊಟ್ಟೆಯಾಕಾರವಾಗಿದ್ದರೆ ಎಷ್ಟೇ ಬಿಗಿದರೂ ಕೆಲವು ದಿನ ಹಿಡಿದು ಮತ್ತೆ ಜಾರುವ ಸಂಭವವೇ ಹೆಚ್ಚು. ಆಗ ಬೋಲ್ಟಿನ ಅಳತೆಗೆ ಸರಿಯಾದ ರಂಧ್ರವಿರುವ ಗಟ್ಟಿ ವಾಷರ್‌ಗಳನ್ನು ಬ್ರ್ಯಾಕೆಟ್‌ಗೆ ಬೆಸುಗೆ ಹಾಕಿಸಬೇಕು, ಇಲ್ಲವೇ ಬ್ರ್ಯಾಕೆಟನ್ನೇ ಬದಲಿಸಬೇಕು, ಅದನ್ನೂ ಬೆಸುಗೆ ಬಲ್ಲವರ ಕೈಯಿಂದಲೇ ಮಾಡಿಸಬೇಕು.

ಬಿಗಿಯುವಾಗ ಮರೆಯಬಾರದ ಇನ್ನೊಂದು ಮಾತಿದೆ. ಗಾಡಿ ತನ್ನ ಚಕ್ರಗಳ ಮೇಲೆ, ತನ್ನ ಸಹಜ ಎತ್ತರದಲ್ಲಿ ನಿಂತಿರಬೇಕು. ಆಕ್ಸಲ್ ಜೋತುಬಿದ್ದಿರುವಾಗ ಬಿಗಿದರೆ ರಬ್ಬರ್ ಬುಷ್ ಆ ಕೋನದಲ್ಲೇ ಸೆರೆಯಾಗುತ್ತದೆ, ಗಾಡಿ ಕೆಳಗಿಳಿದ ಕ್ಷಣದಿಂದ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕಂಟ್ರೋಲ್ ಆರ್ಮ್‌ಗಳ ಬುಷ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಎತ್ತರಿಸಿದ ಗಾಡಿಗಳಲ್ಲಿ ಹೊಸ ಬುಷ್‌ಗಳೇ ಕೆಲವು ತಿಂಗಳಲ್ಲಿ ಹಾಳಾಗುವುದಕ್ಕೆ ಈ ತಪ್ಪೂ ಒಂದು ಕಾರಣ. ಅಲ್ಲಿಯವರೆಗೆ ಗಾಡಿಯನ್ನು ವೇಗವಾಗಿ ಓಡಿಸಬೇಡ. ಇಡಿಯಾದ ಆಕ್ಸಲ್ ಇರುವ ಗಾಡಿಯಲ್ಲಿ ಟ್ರ್ಯಾಕ್ ಬಾರ್ ಸಡಿಲವಾದರೆ ಒಂದು ಗುಂಡಿ ಸಾಕು, ಮುಂದಿನ ಎರಡೂ ಚಕ್ರಗಳು ಹಿಡಿತಕ್ಕೆ ಸಿಗದಷ್ಟು ಜೋರಾಗಿ ಅದುರಲು ಶುರುವಾಗಬಹುದು. ಹಾಗಾದರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ನಿಧಾನವಾಗಿ ವೇಗ ತಗ್ಗಿಸುವುದೊಂದೇ ದಾರಿ.

ಚಿಕ್ಕಪ್ಪ: ಚಕ್ರ ಅದುರುವ ಮಾತು ಕೇಳಿ ಗಾಬರಿಯಾಯಿತು. ಸಹಿಸಿಕೊಳ್ಳಿ ಎಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಸರಿಯಾಗುವವರೆಗೆ ಗಾಡಿ ಮನೆಯಲ್ಲೇ ಇರಲಿ.

*(ನಾಲ್ಕು ದಿನಗಳ ನಂತರ)*

ತಮ್ಮ: ರಂಧ್ರ ಉದ್ದಕ್ಕೆ ಎಳೆದುಕೊಂಡಿತ್ತು. ಎರಡೂ ಬದಿಗೆ ವಾಷರ್ ಬೆಸುಗೆ ಹಾಕಿಸಿ, ಹೊಸ ಬೋಲ್ಟ್ ಕೂರಿಸಿ, ಗಾಡಿ ನೆಲದ ಮೇಲೆ ನಿಂತಿರುವಾಗಲೇ ಬಿಗಿಸಿದೆ. ಮತ್ತೆ ಬಿಳಿ ಗೆರೆ ಎಳೆದಿದ್ದೇನೆ. ಸ್ಟೀರಿಂಗ್ ತಿರುಗಿಸಿದಾಗ ಬರುತ್ತಿದ್ದ ‘ಟಕ್’ ಪೂರ್ತಿ ನಿಂತಿದೆ. ಆದರೆ ಉಬ್ಬು ದಾಟುವಾಗಿನ ಕಿರುಗುಟ್ಟುವಿಕೆ ಹಾಗೆಯೇ ಇದೆ, ಈಗ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ.

ಭಾವ: ಅದಕ್ಕೆ ಎಣ್ಣೆ ಸ್ಪ್ರೇ ಹೊಡೆದರೆ ಸಾಕು ಎಂದುಕೊಳ್ಳುತ್ತೇನೆ. ಅಥವಾ ಇದಕ್ಕೂ ಮೊದಲು ಜಾಗ ಹುಡುಕಬೇಕೇ?

ನಾನು: ಹುಡುಕಬೇಕು ಭಾವ, ಅದಕ್ಕೆ ಬರೀ ನೀರು ಸಾಕು. ಬಾಟಲಿಯಲ್ಲಿ ನೀರು ತುಂಬಿಕೊಂಡು ಒಂದು ಸಲಕ್ಕೆ ಒಂದೇ ಬುಷ್‌ಗೆ ಸಿಂಪಡಿಸಿ, ಬಂಪರ್ ಒತ್ತಿ ನೋಡಲಿ. ಯಾವುದು ನೆನೆದಾಗ ಶಬ್ದ ಸ್ವಲ್ಪ ಹೊತ್ತು ನಿಲ್ಲುತ್ತದೋ ಅದೇ ಜಾಗ. ಖನಿಜ ಎಣ್ಣೆಯ ಸ್ಪ್ರೇ ಬೇಡವೇ ಬೇಡ, ಅದು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕಿಟ್ ಜೊತೆ ಬಂದ ಸ್ಟೆಬಿಲೈಸರ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಸರಳು) ಬುಷ್‌ಗಳು ಗಟ್ಟಿ ಪ್ಲಾಸ್ಟಿಕ್ಕಿನಂಥ ಪಾಲಿಯುರಿಥೇನ್‌ನವಾಗಿದ್ದರೆ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಸವರಬೇಕು. ಮೊದಲು ಎಡಭಾಗದಿಂದ ಶುರು ಮಾಡು ತಮ್ಮ, ಒಂದೊಂದು ಬುಷ್ ನೆನೆಸಿದ ಮೇಲೂ ಒಂದೊಂದು ಧ್ವನಿಮುದ್ರಣ ಇಲ್ಲಿ ಹಾಕು, ಎಲ್ಲರೂ ಕೇಳೋಣ.

ತಮ್ಮ: ಬಾಟಲಿ ತುಂಬಿಸುತ್ತಿದ್ದೇನೆ. ಅತ್ತಿಗೆ ಬಂಪರ್ ಹತ್ತಿರ ನಿಂತಿದ್ದಾರೆ.