ದೋಣಿ ಗುಡ್ಡ ಹತ್ತುವುದು ಹೇಗೆ? ಫಾಕ್ಸ್‌ಟನ್ ಲಾಕ್‌ಗಳ ಕುರಿತು ಒಂದು ಪ್ರಶ್ನೆ

ಹಾಸನದ ನಿವೃತ್ತ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ಷೈರ್‌ನಲ್ಲಿರುವ ಫಾಕ್ಸ್‌ಟನ್ ಎಂಬ ಊರಿನ ಕಾಲುವೆಯ ವಿಡಿಯೊವೊಂದನ್ನು ಮಗಳು ಕಳುಹಿಸಿದ್ದಾಳೆ. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದರಂತೆ ಹತ್ತು ನೀರಿನ ತೊಟ್ಟಿಗಳಿದ್ದು, ಉದ್ದನೆಯ ದೋಣಿಯೊಂದು ಅವುಗಳನ್ನು ಒಂದೊಂದಾಗಿ ದಾಟಿ ಮೇಲೇರುತ್ತದೆ. ಮೋಟರಾಗಲಿ ಪಂಪಾಗಲಿ ಎಲ್ಲಿಯೂ ಕಾಣಲಿಲ್ಲ. ಇಬ್ಬರು ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಿದ್ದರು, ಅಷ್ಟೇ. ಹಾಗಾದರೆ ದೋಣಿಯನ್ನು ಎತ್ತುವವರು ಯಾರು? ಬಾಗಿಲು ತೆರೆದಾಗಲೆಲ್ಲ ಮೇಲಿನ ನೀರು ಕೆಳಗೆ ಹರಿದು ಕಾಲುವೆ ಬರಿದಾಗುವುದಿಲ್ಲವೆ? ನಮ್ಮ ಹೇಮಾವತಿ ನಾಲೆಗಳಲ್ಲಿ ಇಂಥದ್ದು ಏಕಿಲ್ಲ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ನಾಲೆ ಇಂಜಿನಿಯರ್, ಚನ್ನರಾಯಪಟ್ಟಣ:
ಮೇಷ್ಟ್ರೇ, ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಗೊರೂರಿನಿಂದ ಹೊರಡುವ ನಾಲೆಯ ಕೆಲಸ ನೀರನ್ನು ಗದ್ದೆಗೆ ಮುಟ್ಟಿಸುವುದು. ಆದ್ದರಿಂದ ಅದಕ್ಕೆ ಉದ್ದಕ್ಕೂ ಸಣ್ಣ ಇಳಿಜಾರು ಕೊಟ್ಟು, ನೆಲ ಒಮ್ಮೆಲೇ ತಗ್ಗುವ ಕಡೆ ಡ್ರಾಪ್ ಕಟ್ಟಿ ನೀರನ್ನು ಕೆಳಕ್ಕೆ ಬೀಳಿಸುತ್ತೇವೆ. ದೋಣಿ ಸಾಗಿಸುವ ಕಾಲುವೆಗೆ ಹರಿವು ಬೇಕಿಲ್ಲ, ನಿಂತ ನೀರು ಸಾಕು. ಹೀಗಾಗಿ ಅದನ್ನು ಮಟ್ಟಸವಾಗಿ ತೋಡಿ, ನೆಲದ ಏರಿಳಿತವನ್ನೆಲ್ಲ ಲಾಕ್ ಎಂಬ ತೊಟ್ಟಿಗಳಿರುವ ಜಾಗಕ್ಕೆ ಒತ್ತರಿಸುತ್ತಾರೆ.

ದೋಣಿಯನ್ನು ಎತ್ತುವುದು ಮೇಲಿನ ನೀರಿನ ಭಾರವೇ. ದೋಣಿ ತೊಟ್ಟಿಯೊಳಗೆ ಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ನಮ್ಮ ಕೆರೆ ತೂಬಿನಂಥ ಹಲಗೆಯನ್ನು ಎತ್ತಿ ಮೇಲಿನ ನೀರನ್ನು ಒಳಗೆ ಬಿಡುತ್ತಾರೆ. ಎರಡೂ ಬದಿಯ ಮಟ್ಟ ಸಮವಾಗುವವರೆಗೆ ಬಾಗಿಲನ್ನು ಹತ್ತು ಜನ ತಳ್ಳಿದರೂ ಅದು ಅಲ್ಲಾಡದು, ಸಮವಾದ ಮೇಲೆ ಒಬ್ಬರೇ ತೆರೆಯಬಹುದು. ಬಾಗಿಲು ತೆರೆಯುವ ಹೊತ್ತಿಗೆ ಹರಿಯಬೇಕಾದ ನೀರು ಹರಿದು ಮುಗಿದಿರುತ್ತದೆ ಎಂಬುದು ತಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ. ಉಳಿದ ಅರ್ಧವನ್ನು ಅಲ್ಲಿಯವರೇ ಹೇಳಲಿ.

ಮೂಡಿಗೆರೆಯವ, ಈಗ ಲೆಸ್ಟರ್ ವಾಸಿ:
ಆ ದಡದ ದಾರಿಯಲ್ಲಿ ರಜಾದಿನಗಳಲ್ಲಿ ನಡೆದಾಡುವವನಾದ್ದರಿಂದ ಮುಂದುವರಿಸುತ್ತೇನೆ. 1814ರಲ್ಲಿ ಬಳಕೆಗೆ ಬಂದ ಫಾಕ್ಸ್‌ಟನ್‌ನಲ್ಲಿ ಐದೈದು ತೊಟ್ಟಿಗಳ ಎರಡು ಸಾಲುಗಳಿದ್ದು, ಎದುರು ಬರುವ ದೋಣಿಗೆ ದಾರಿ ಬಿಡಲು ನಡುವೆ ಒಂದಿಷ್ಟು ಜಾಗವಿದೆ. ಒಟ್ಟು ಏರಿಕೆ 75 ಅಡಿ. ಪ್ರತಿ ಸಾಲಿನಲ್ಲೂ ಒಂದು ತೊಟ್ಟಿಯ ಮೇಲಿನ ಬಾಗಿಲೇ ಮುಂದಿನ ತೊಟ್ಟಿಯ ಕೆಳಗಿನ ಬಾಗಿಲು. ಆದ್ದರಿಂದ ಮೇಲಿನ ತೊಟ್ಟಿಯ ನೀರನ್ನು ನೇರವಾಗಿ ಕೆಳಗಿನದಕ್ಕೆ ಬಿಡದೆ, ಪಕ್ಕದಲ್ಲಿ ತೋಡಿರುವ ಸಣ್ಣ ಕೊಳಗಳ ಮೂಲಕ ಬಿಡುತ್ತಾರೆ. ದಡದಲ್ಲಿ ಕೆಂಪು ಮತ್ತು ಬಿಳಿ ಬಣ್ಣ ಬಳಿದ ಹಲ್ಲುಚಕ್ರದ ಕಂಬಗಳಿವೆ. ಮೊದಲು ಕೆಂಪು ಕಂಬಕ್ಕೆ ಹಿಡಿಕೆ ಸಿಕ್ಕಿಸಿ ತಿರುಗಿಸಿದರೆ ಕೊಳದ ನೀರು ಕೆಳಗಿನ ತೊಟ್ಟಿಯನ್ನು ತುಂಬುತ್ತದೆ. ಆಮೇಲೆ ಬಿಳಿಯದನ್ನು ತಿರುಗಿಸಿದರೆ ಮೇಲಿನ ತೊಟ್ಟಿಯ ನೀರು ಇಳಿದು ಕೊಳ ಮತ್ತೆ ತುಂಬಿಕೊಳ್ಳುತ್ತದೆ. ಈ ಸರದಿ ತಪ್ಪಿದರೆ ಆಗಲೇ ತುಂಬಿರುವ ಕೊಳ ಉಕ್ಕಿ ಹರಿಯುತ್ತದೆ. ಅದಕ್ಕೇ ಅಲ್ಲಿನ ಲಾಕ್ ಕಾವಲುಗಾರರು, ಎಷ್ಟೇ ಅನುಭವಿಗಳು ಬಂದರೂ, ಕೆಂಪು ಮೊದಲು ಎಂದು ನೆನಪಿಸದೆ ಬಿಡುವುದಿಲ್ಲ.

ಹಾಸನದ ನಿವೃತ್ತ ಮೇಷ್ಟ್ರು:
ಇಬ್ಬರಿಗೂ ಧನ್ಯವಾದಗಳು. ಆದರೂ ಪ್ರತಿ ದೋಣಿಗೂ ಒಂದು ತೊಟ್ಟಿ ನೀರು ಕೆಳಗೆ ಇಳಿದೇ ಇಳಿಯುತ್ತದಲ್ಲ? ಅದನ್ನು ತುಂಬಿಕೊಡುವವರು ಯಾರು?

ನಾಲೆ ಇಂಜಿನಿಯರ್, ಚನ್ನರಾಯಪಟ್ಟಣ:
ಲಾಕ್ ಕಟ್ಟಿದವರ ನಿಜವಾದ ತಲೆನೋವು ಇದೇ. ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ತೊಟ್ಟಿಯಲ್ಲಿ ಏಳೂವರೆ ಅಡಿ ನೀರು ಏರಿಳಿಯಬೇಕಾದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ಬೇಕು, ಅಂದರೆ ನಮ್ಮ ಬೀದಿಗೆ ಬರುವ ಟ್ಯಾಂಕರಿನಲ್ಲಿ ಹತ್ತು ಲೋಡು. ಫಾಕ್ಸ್‌ಟನ್ ಹತ್ತಿದ ಕಾಲುವೆ ಸುಮಾರು 32 ಕಿಲೋಮೀಟರ್ ಮಟ್ಟಸವಾಗಿ ಸಾಗಿ, ನಾರ್ಥಾಂಪ್ಟನ್‌ಷೈರ್‌ನ ವಾಟ್‌ಫರ್ಡ್ ಎಂಬಲ್ಲಿ ಮತ್ತೆ ಲಾಕ್‌ಗಳಿಂದ ಇಳಿಯುತ್ತದೆ. ಒಂದು ದೋಣಿ ಆ ಎತ್ತರವನ್ನು ದಾಟಿತೆಂದರೆ ಎರಡು ತುದಿಗಳಲ್ಲೂ ನೀರು ಖರ್ಚಾಗುತ್ತದೆ. ಅದನ್ನು ತುಂಬಿಕೊಡುವುದಕ್ಕೆಂದೇ ವೆಲ್‌ಫರ್ಡ್, ಸಲ್ಬಿ, ನೇಸ್‌ಬಿ ಎಂಬ ಊರುಗಳ ಬಳಿ ಜಲಾಶಯಗಳನ್ನು ಕಟ್ಟಿದ್ದಾರೆ. ದೋಣಿಗಾಗಿ ಕೆರೆ ಕಟ್ಟುವುದು ನಮಗೆ ವಿಚಿತ್ರವೆನಿಸಬಹುದು. ರಸ್ತೆಗಳು ಕೆಟ್ಟಿದ್ದ ಕಾಲದಲ್ಲಿ, ಒಂದು ಕುದುರೆ ಟನ್ನುಗಟ್ಟಲೆ ಕಲ್ಲಿದ್ದಲನ್ನು ನೀರಿನ ಮೇಲೆ ಎಳೆಯುತ್ತಿದ್ದಾಗ, ಲೆಕ್ಕ ಸರಿಹೋಗುತ್ತಿತ್ತು.

ತರೀಕೆರೆ ಓದುಗ:
ಇಂಥದ್ದು ನಮ್ಮ ಕಡೆ ಇರಲೇ ಇಲ್ಲವೆಂದು ಯಾರೂ ತಿಳಿಯಬಾರದು. ತುಂಗಭದ್ರೆಯ ನೀರು ಪಡೆಯುವ ಕರ್ನೂಲು–ಕಡಪ ಕಾಲುವೆಯನ್ನು 19ನೇ ಶತಮಾನದಲ್ಲಿ ನೀರಾವರಿ, ದೋಣಿ ಸಂಚಾರ ಎರಡಕ್ಕೂ ಎಂದು ಕಟ್ಟಿದ್ದರು. ಅದರಲ್ಲಿ ಲಾಕ್‌ಗಳೂ ಇದ್ದವು. ಈಗ ಅದು ಬರೀ ನೀರಾವರಿ ಕಾಲುವೆ.

ಮೂಡಿಗೆರೆಯವ, ಈಗ ಲೆಸ್ಟರ್ ವಾಸಿ:
ಮೇಷ್ಟ್ರೇ, ಮಗಳು ಮತ್ತೊಮ್ಮೆ ಅಲ್ಲಿಗೆ ಹೋದರೆ ಲಾಕ್‌ಗಳ ಪಕ್ಕದ ಇಳಿಜಾರನ್ನೂ ನೋಡಲು ಹೇಳಿ. ನೀರು ಮತ್ತು ಸಮಯ ಎರಡನ್ನೂ ಉಳಿಸಲೆಂದು 1900ರಲ್ಲಿ ಅಲ್ಲಿ ಹಳಿಗಳ ಮೇಲೆ ಎರಡು ದೊಡ್ಡ ತೊಟ್ಟಿಗಳನ್ನಿಟ್ಟು, ಒಂದು ಇಳಿಯುವಾಗ ಇನ್ನೊಂದು ಏರುವಂತೆ ಉಗಿಯಂತ್ರದಿಂದ ಎಳೆಯುತ್ತಿದ್ದರು. ಲಾಕ್‌ಗಳಲ್ಲಿ ಗಂಟೆ ಹಿಡಿಯುತ್ತಿದ್ದ ಏರಿಕೆ ಹನ್ನೆರಡೇ ನಿಮಿಷಕ್ಕೆ ಮುಗಿಯುತ್ತಿತ್ತು. ಆದರೆ ದೋಣಿಗಳು ಎಣಿಸಿದಷ್ಟು ಬರಲಿಲ್ಲ, ಬರಲಿ ಬಿಡಲಿ ಬಾಯ್ಲರ್ ಮಾತ್ರ ಉರಿಯುತ್ತಲೇ ಇರಬೇಕಿತ್ತು. ವಾಟ್‌ಫರ್ಡಿನ ಲಾಕ್‌ಗಳನ್ನು ಅಗಲಗೊಳಿಸದಿದ್ದ ಕಾರಣ ದೊಡ್ಡ ದೋಣಿಗಳಿಗೂ ಅದರಿಂದ ಪ್ರಯೋಜನವಾಗಲಿಲ್ಲ. ಹೀಗೆ 1911ರ ಹೊತ್ತಿಗೆ ಅದು ನಿಂತುಹೋಗಿ, 1928ರಲ್ಲಿ ಯಂತ್ರಗಳು ಗುಜರಿಗೆ ಹೋದವು. ಬಾಯ್ಲರ್ ಮನೆಯಲ್ಲಿ ಈಗ ಪುಟ್ಟ ವಸ್ತುಸಂಗ್ರಹಾಲಯವಿದೆ. ಹಳೆಯ ಹತ್ತು ಲಾಕ್‌ಗಳಲ್ಲಿ ದೋಣಿಗಳು ಈಗಲೂ ಹತ್ತಿ ಇಳಿಯುತ್ತಿವೆ.