ಶುಗರ್ ಗಡಿಯಲ್ಲಿದೆ, ಎನ್‌ಟಿ-ಪ್ರೋಬಿಎನ್‌ಪಿ ತೀರಾ ಕಡಿಮೆ: ಒಳ್ಳೆಯದೇ?

ಪ್ರಶ್ನೆ: 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ನಂತರ ಶುಗರ್ 168. ಹೃದಯದ ಹಾರ್ಮೋನ್ ಬಿಎನ್‌ಪಿಯ ಮಟ್ಟ ಸೂಚಿಸುವ ರಕ್ತಪರೀಕ್ಷೆ, ಎನ್‌ಟಿ-ಪ್ರೋಬಿಎನ್‌ಪಿ, 22. ತೂಕ ಹೆಚ್ಚು, ದಿನವಿಡೀ ಕೂತೇ ಕೆಲಸ. ನಡೆದರೆ ಈ ಹಾರ್ಮೋನ್ ಏರುತ್ತದೆಯೋ, ಇಳಿಯುತ್ತದೆಯೋ?

ಉತ್ತರ: 168 ಅಂದರೆ ಗ್ಲೂಕೋಸ್ ಅಸಹಿಷ್ಣುತೆ (ಸಕ್ಕರೆ ಕಾಯಿಲೆಗೆ ಮುಂಚಿನ ಹಂತ), ಅದರ ವ್ಯಾಪ್ತಿ 140ರಿಂದ 199. ಹೃದಯದ ಗೋಡೆ ಹಿಗ್ಗಿದಾಗ ಎಎನ್‌ಪಿ, ಬಿಎನ್‌ಪಿ ಎಂಬ ಹಾರ್ಮೋನ್‌ಗಳು ಸ್ರವಿಸುತ್ತವೆ. ಮೂತ್ರದಲ್ಲಿ ಉಪ್ಪು ಹೊರಹಾಕುವುದಷ್ಟೇ ಅಲ್ಲ, ಕೊಬ್ಬಿನ ಕೋಶದಿಂದ ಕೊಬ್ಬು ಕರಗಿಸುವುದೂ ಇವುಗಳ ಕೆಲಸ. ಬೊಜ್ಜು, ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಇದ್ದವರಲ್ಲಿ ಮಟ್ಟ ಕಡಿಮೆಯೇ ಇರುತ್ತದೆ. ಹಾಗಾಗಿ ಎನ್‌ಟಿ-ಪ್ರೋಬಿಎನ್‌ಪಿ ಹೃದಯ ವೈಫಲ್ಯದ ಶಂಕೆಯ ಮಿತಿಯಾದ 125ಕ್ಕಿಂತ ಕೆಳಗಿದೆ ಎಂದು ನಿಶ್ಚಿಂತರಾಗಬೇಡಿ. ಏದುಸಿರು, ಕಾಲೂತ ಇದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು.

ಉತ್ತರ: ಚುರುಕಾಗಿ ನಡೆಯುವಾಗ ಹೃದಯಕ್ಕೆ ಮರಳುವ ರಕ್ತ ಹೆಚ್ಚಿ, ಎಎನ್‌ಪಿ ತಾತ್ಕಾಲಿಕವಾಗಿ ಏರುತ್ತದೆ. ಇದು ಸಹಜ, ಹೆದರಬೇಕಿಲ್ಲ. ಆದರೆ ದೀರ್ಘ ಓಟದ ಮರುದಿನ ರಕ್ತ ಕೊಟ್ಟರೆ ಎನ್‌ಟಿ-ಪ್ರೋಬಿಎನ್‌ಪಿ ಸುಳ್ಳೇ ಹೆಚ್ಚು ತೋರಿಸಬಹುದು. ಪರೀಕ್ಷೆಗೆ ಮುಂಚೆ ಎರಡು ದಿನ ಕಠಿಣ ವ್ಯಾಯಾಮ ಬಿಡಿ. ಕಿಡ್ನಿ ದುರ್ಬಲವಾಗಿದ್ದರೂ ಅಂಕಿ ಏರುತ್ತದೆ, ಆದ್ದರಿಂದ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಜೊತೆಗೇ ನೋಡಿ.

ಉತ್ತರ: ಹಾರ್ಮೋನಿನ ಅಂಕಿಯ ಬೆನ್ನು ಹತ್ತುವುದಕ್ಕಿಂತ ಕುರ್ಚಿ ಬಿಡುವುದು ಮುಖ್ಯ. ಅರ್ಧ ಗಂಟೆಗೊಮ್ಮೆ ಎದ್ದು 3 ನಿಮಿಷ ಓಡಾಡಿ. ಊಟವಾದ ಮೇಲೆ 15 ನಿಮಿಷ ನಡೆಯಿರಿ: ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಒಳಗೆಳೆದುಕೊಳ್ಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ವೇಗ ಅಷ್ಟಿರಲಿ. ವಾರಕ್ಕೆ 150 ನಿಮಿಷ ಗುರಿ. ಬೆಳಗ್ಗೆ ಒಂದು ಗಂಟೆ ನಡೆದು ಉಳಿದ ದಿನವೆಲ್ಲ ಕೂತೇ ಇರುವುದೇ ಹೆಚ್ಚಿನವರು ಮಾಡುವ ತಪ್ಪು. ನಡೆಯುವಾಗ ಎದೆ ಬಿಗಿದರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.