ಎರಡು ತಿಂಗಳಾದರೂ ಬೆಕ್ಕಿನ ಭೇದಿ ನಿಂತಿಲ್ಲ, ಗೊತ್ತಿದ್ದವರು ಹೇಳಿ

ಪ್ರಶ್ನೆ: ಬೆಕ್ಕಿಗೆ ಒಂದೂವರೆ ವರ್ಷ, ತೂಕ 3.5 ಕೆಜಿ. ದಿನಕ್ಕೆ ಐದಾರು ಸಲ ಲೂಸ್ ಮೋಷನ್. ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಕೊನೆಯಲ್ಲಿ ಲೋಳೆ, ಒಮ್ಮೊಮ್ಮೆ ರಕ್ತದ ಗೆರೆ. ಊಟ, ಆಟ ಮಾಮೂಲಿ. ಮೆಟ್ರೋನಿಡಜೋಲ್ (ಆ್ಯಂಟಿಬಯಾಟಿಕ್) ಕೊಟ್ಟಷ್ಟು ದಿನ ಗಟ್ಟಿ, ಬಿಟ್ಟರೆ ಮತ್ತೆ ಅದೇ. ಮೂರು ಬ್ರ್ಯಾಂಡ್ ಆಹಾರ ಬದಲಾಯಿಸಿ ಆಯ್ತು. ಈಗ ಮೊಸರನ್ನ, ಬೇಯಿಸಿದ ಕೋಳಿ. ಮುಂದೇನು?

ಉತ್ತರ: ನೀವು ಹೇಳಿದ ಲಕ್ಷಣ ದೊಡ್ಡ ಕರುಳಿನದು. ಸಣ್ಣ ಕರುಳಿನ ತೊಂದರೆಯಾದರೆ ಹೋಗುವುದು ಕಡಿಮೆ ಸಲ, ಆದರೆ ಒಮ್ಮೆಗೇ ತುಂಬಾ ಹೋಗುತ್ತದೆ, ತೂಕವೂ ಇಳಿಯುತ್ತದೆ. ಎಳೆ ಬೆಕ್ಕು, ದೊಡ್ಡ ಕರುಳಿನ ಭೇದಿ, ಮೆಟ್ರೋನಿಡಜೋಲ್ ಬಿಟ್ಟೊಡನೆ ಮರುಕಳಿಕೆ: ಈ ಮೂರೂ ಸೇರಿದರೆ ಟ್ರೈಟ್ರೈಕೊಮೊನಾಸ್ (ಕರುಳಿನಲ್ಲಿ ಬೆಳೆಯುವ ಏಕಕೋಶದ ಪರಾವಲಂಬಿ) ಇದೆಯೇ ಎಂದು ನೋಡಲೇಬೇಕು. ಮಾಮೂಲಿ ಜಂತುಹುಳದ ಔಷಧಿಗೆ ಅದು ಜಗ್ಗುವುದಿಲ್ಲ. ಮಲದಲ್ಲಿ ಅದರ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಕೇಳಿ. ಮಲ ಹೊಸದಾಗಿರಬೇಕು, ಲಿಟರ್ ಮರಳು ಅಂಟಿರಬಾರದು. ಟ್ರೇಯಲ್ಲಿ ಒಂದು ಹೊತ್ತು ಮರಳಿನ ಬದಲು ತೊಳೆದ ಅಕ್ವೇರಿಯಂ ಕಲ್ಲು ಹಾಕಿದರೆ ಸ್ಯಾಂಪಲ್ ಸುಲಭವಾಗಿ ಸಿಗುತ್ತದೆ. ಪಾಸಿಟಿವ್ ಬಂದರೆ ಔಷಧಿ ರೋನಿಡಜೋಲ್, ಕೆಜಿಗೆ 30 ಮಿಲಿಗ್ರಾಂ, ದಿನಕ್ಕೊಮ್ಮೆ, 14 ದಿನ, ಡಾಕ್ಟರು ಬರೆದುಕೊಟ್ಟರೆ ಮಾತ್ರ. ನಡುವೆ ಬೆಕ್ಕು ತೂರಾಡಿದರೆ ಅಥವಾ ನಡುಗಿದರೆ ಔಷಧಿ ನರಗಳಿಗೆ ಏರಿದೆ ಎಂದರ್ಥ. ತಕ್ಷಣ ನಿಲ್ಲಿಸಿ ಫೋನ್ ಮಾಡಿ. ಜಿಯಾರ್ಡಿಯಾ ಎಂಬ ಇನ್ನೊಂದು ಕರುಳಿನ ಪರಾವಲಂಬಿಯನ್ನೂ ಜೊತೆಗೇ ನೋಡಿಸಿ. ಅದಕ್ಕೆ ಫೆನ್‌ಬೆಂಡಜೋಲ್ ಕೆಜಿಗೆ 50 ಮಿಲಿಗ್ರಾಂನಂತೆ ಐದು ದಿನ. ಆಗ ದಿನವೂ ಟ್ರೇ ತೊಳೆದು ಒಣಗಿಸದಿದ್ದರೆ ಮತ್ತೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಮೊಸರು ಹೊಟ್ಟೆಗೆ ತಂಪಲ್ಲವೇ?

ಉತ್ತರ: ನಮಗೆ ತಂಪು, ಬೆಕ್ಕಿಗಲ್ಲ. ಬೆಳೆದ ಬೆಕ್ಕಿಗೆ ಹಾಲಿನ ಸಕ್ಕರೆ ಸರಿಯಾಗಿ ಅರಗುವುದಿಲ್ಲ. ಮೊಸರಿನಲ್ಲಿ ಅದು ಕಡಿಮೆ, ಆದರೂ ಕೆಟ್ಟಿರುವ ಕರುಳಿಗೆ ಅಷ್ಟೇ ಸಾಕು. ನಿಲ್ಲಿಸಿಬಿಡಿ. ಮೂರು ಬ್ರ್ಯಾಂಡ್ ಬದಲಾಯಿಸಿದ್ದೀರಿ, ಸರಿ, ಆದರೆ ಪ್ಯಾಕೆಟ್ ಹಿಂದೆ ಓದಿ: ಹೆಸರಿಗೆ ಟ್ಯೂನಾ ಇದ್ದರೂ ಒಳಗೆ ಕೋಳಿ ಇರುತ್ತದೆ. ಹಾಗಾದರೆ ಬೆಕ್ಕು ಇಷ್ಟು ದಿನ ತಿಂದದ್ದು ಒಂದನ್ನೇ. ಪರೀಕ್ಷೆ ನೆಗೆಟಿವ್ ಬಂದರೆ ಹೈಡ್ರೊಲೈಸ್ಡ್ ಪ್ರೋಟೀನ್ (ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದ) ಆಹಾರ ಅಥವಾ ಅದು ಎಂದೂ ತಿನ್ನದ ಒಂದೇ ಮಾಂಸದ ಆಹಾರ ಹಿಡಿಯಿರಿ. ಏಳು ದಿನದಲ್ಲಿ ಹಳೆಯದನ್ನು ಕಾಲು ಕಾಲು ಭಾಗ ಕಡಿಮೆ ಮಾಡುತ್ತಾ ಬನ್ನಿ, ಆಮೇಲೆ ಮೂರು ವಾರ ಅದೊಂದೇ. ಆಹಾರದಿಂದಲೇ ಬಂದ ಭೇದಿಯಾದರೆ ಬಹುಮಟ್ಟಿಗೆ ಎರಡು ವಾರದೊಳಗೆ ಗೊತ್ತಾಗುತ್ತದೆ. ಕೆಡುವುದು ಎಲ್ಲಿ ಗೊತ್ತೇ? ಮಕ್ಕಳು ಬೀಳಿಸಿದ ಬಿಸ್ಕತ್ತು, ಅಜ್ಜಿ ಹಾಕಿದ ಮೀನಿನ ತಲೆ, ಚಿಕನ್ ರುಚಿಯ ಮಾತ್ರೆ. ಮನೆಮಂದಿಗೆಲ್ಲ ಹೇಳಿಡಿ. ಬರೀ ಬೇಯಿಸಿದ ಮಾಂಸವನ್ನು ತಿಂಗಳುಗಟ್ಟಲೆ ಹಾಕಬೇಡಿ, ಕ್ಯಾಲ್ಸಿಯಂ ಸಾಲದೆ ಮೂಳೆ ಹಾಳಾಗುತ್ತದೆ. ಬೇಯಿಸುವಾಗ ಈರುಳ್ಳಿ, ಬೆಳ್ಳುಳ್ಳಿ ಎರಡೂ ವಿಷ.

ಉತ್ತರ: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಹಾರ, ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ), ಔಷಧಿ ಮೂರನ್ನೂ ಒಂದೇ ದಿನ ಶುರು ಮಾಡಬೇಡಿ, ಗುಣ ಕಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಆಹಾರಕ್ಕೂ ಬಗ್ಗದಿದ್ದರೆ ರಕ್ತದಲ್ಲಿ ಬಿ12 ನೋಡಿಸಿ. ಅದು ಕಡಿಮೆಯಿದ್ದರೆ ಬೇರೆ ಚಿಕಿತ್ಸೆಯೂ ಹತ್ತುವುದಿಲ್ಲ. ಸಾಮಾನ್ಯವಾಗಿ ಚರ್ಮದಡಿ 250 ಮೈಕ್ರೋಗ್ರಾಂ ಇಂಜೆಕ್ಷನ್, ವಾರಕ್ಕೊಂದರಂತೆ ಆರು ವಾರ. ಅದಾದ ಮೇಲೆ ಸ್ಕ್ಯಾನಿಂಗ್, ಕೊನೆಗೆ ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷೆ). ಬಯಾಪ್ಸಿ ಆಗುವ ಮುಂಚೆ ಸ್ಟೀರಾಯ್ಡ್ ಶುರುವಾದರೆ ಕರುಳಿನ ಉರಿಯೂತವೋ ಲಿಂಫೋಮಾವೋ (ಒಂದು ಬಗೆಯ ಕ್ಯಾನ್ಸರ್) ಎಂದು ಬೇರ್ಪಡಿಸುವುದು ಕಷ್ಟ, ಇದನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ನಮ್ಮ ಪ್ಯಾರಸಿಟಮಾಲ್ ಒಂದು ಚೂರೂ ಕೊಡಬೇಡಿ, ಬೆಕ್ಕು ಸಾಯುತ್ತದೆ. ಪ್ರತಿ ಭಾನುವಾರ ತೂಕ ಬರೆದಿಡಿ. ನೀವು ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ತೂಕದ ಯಂತ್ರದ ಮೇಲೆ ನಿಂತು, ಒಂದರಿಂದ ಇನ್ನೊಂದನ್ನು ಕಳೆದರೆ ಸಾಕು. 200 ಗ್ರಾಂ ಇಳಿದರೂ ಇಷ್ಟು ಸಣ್ಣ ಮೈಗೆ ದೊಡ್ಡದೇ. ಇಡೀ ದಿನ ಏನೂ ತಿನ್ನದಿದ್ದರೆ ಮರುದಿನಕ್ಕೆ ಕಾಯಬೇಡಿ, ಉಪವಾಸದಲ್ಲಿ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿಕೊಳ್ಳುತ್ತದೆ.